ಡಾ. ವಿಕ್ರಮ್ ಸಾರಾಭಾಯಿ: ಜೀವನ ಪರಿಚಯ ಹಾಗೂ ಮೇಲ್ವಾತಾವರಣದ ಕೃತಕ ಮೋಡಗಳ ಅಧ್ಯಯನ

ಸಾರ್ವಜನಿಕರ ಮಾಹಿತಿಗಾಗಿ

ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಡೋಣಿ ಗ್ರಾಮವು ಕಪ್ಪತಗುಡ್ಡದ ಸೀಮೆಗೆ ಸೇರಿರುತ್ತದೆ. ಈ ಭಾಗದ ರೈತರು ತಮ್ಮ ಜಮೀನಿನ ಹದ್ದುಬಸ್ತು, ಪೋಡಿ ಅಥವಾ 11ಇ ನಕ್ಷೆಗಾಗಿ ಅರ್ಜಿ ಸಲ್ಲಿಸಿದಾಗ ಭೂಮಾಪಕರು ಸ್ಥಳಕ್ಕೆ ಬಂದು ಅಳತೆ ಮಾಡುತ್ತಾರೆ. ಹಿಂದೆ ಈ ಕಾರ್ಯವು ಸರಪಳಿಯಿಂದಲೇ ನಡೆಯುತ್ತಿತ್ತು. ಈಗ ಉಪಗ್ರಹಗಳ ಸಂಕೇತವನ್ನು ಸ್ವೀಕರಿಸಿ ಸ್ಥಾನವನ್ನು ನಿರ್ಧರಿಸುವ ರೋವರ್ ಉಪಕರಣವೂ ರಾಜ್ಯದ ಭೂಮಾಪನದಲ್ಲಿ ಬಳಕೆಗೆ ಬಂದಿದೆ. ಉಪಗ್ರಹದಿಂದ ಹೊರಟ ಸಂಕೇತವು ಹೊಲವನ್ನು ತಲುಪುವ ಮೊದಲು ಭೂಮಿಯ ಮೇಲ್ವಾತಾವರಣದಲ್ಲಿರುವ ವಿದ್ಯುದಾವೇಶಯುಕ್ತ ಪದರವೊಂದನ್ನು ದಾಟಬೇಕಾಗುತ್ತದೆ. ಆ ಪದರಕ್ಕೆ ಅಯಾನುಗೋಳ ಎಂದು ಹೆಸರು. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಚಲನೆಯನ್ನು ಅರಿಯದಿದ್ದರೆ ನೆಲದ ಮೇಲಿನ ಅಳತೆಯಲ್ಲಿ ಹಲವು ಮೀಟರುಗಳ ವ್ಯತ್ಯಾಸ ಬರಬಹುದು.

ಕಾಣದ ಆ ಪದರವನ್ನು ಭಾರತದ ನೆಲದಿಂದ ರಾಕೆಟ್ಟುಗಳ ಮೂಲಕ ಅಧ್ಯಯನ ಮಾಡುವ ಕಾರ್ಯಕ್ಕೆ ಅಡಿಗಲ್ಲು ಹಾಕಿದವರು ಡಾ. ವಿಕ್ರಮ್ ಅಂಬಾಲಾಲ್ ಸಾರಾಭಾಯಿಯವರು. ಅವರ ಜೀವನ, ಅವರು ಆರಂಭಿಸಿದ ಪ್ರಯೋಗಗಳು ಹಾಗೂ ಕೃತಕ ಪ್ಲಾಸ್ಮಾ ಮೋಡಗಳ ಚಲನೆಯನ್ನು ಲೆಕ್ಕದ ಮೂಲಕ ಅನುಕರಿಸುವ ವಿಧಾನವನ್ನು ನಾಗರಿಕರ ತಿಳಿವಳಿಕೆಗಾಗಿ ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಸಾರಾಭಾಯಿಯವರು 1919ರ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ್ ಸಾರಾಭಾಯಿಯವರು ಬಟ್ಟೆ ಗಿರಣಿಗಳ ಮಾಲೀಕರು, ತಾಯಿ ಸರಳಾದೇವಿಯವರು. ಮನೆಯಲ್ಲಿ ಒಟ್ಟು ಎಂಟು ಮಂದಿ ಮಕ್ಕಳು. ತಂದೆತಾಯಿಯರು ಮಕ್ಕಳಿಗಾಗಿ ಮನೆಯಲ್ಲಿಯೇ ಶಾಲೆಯನ್ನು ನಡೆಸಿ, ಭಾಷೆ, ವಿಜ್ಞಾನ, ಕಲೆ ಹಾಗೂ ಕೈಗೆಲಸಗಳನ್ನು ಕಲಿಸುವ ಏರ್ಪಾಡು ಮಾಡಿದ್ದರು. ಮಹಾತ್ಮ ಗಾಂಧೀಜಿ, ರವೀಂದ್ರನಾಥ ಠಾಕೂರ್ ಮೊದಲಾದವರ ಒಡನಾಟ ಆ ಮನೆತನಕ್ಕಿತ್ತು.

ಸಂಪತ್ತು ಮತ್ತು ಸಾಮಾಜಿಕ ಹೊಣೆಗಾರಿಕೆಗಳ ನಡುವಿನ ಪ್ರಶ್ನೆಯು ಆ ಮನೆಗೆ ಹೊಸದಾಗಿರಲಿಲ್ಲ. ಸಾರಾಭಾಯಿಯವರು ಜನಿಸುವ ಹಿಂದಿನ ವರ್ಷ, 1918ರಲ್ಲಿ, ಅಹಮದಾಬಾದಿನ ಗಿರಣಿ ಕಾರ್ಮಿಕರು ಗಾಂಧೀಜಿಯವರ ನೇತೃತ್ವದಲ್ಲಿ ಮುಷ್ಕರ ಹೂಡಿದಾಗ, ಅಂಬಾಲಾಲರು ಮಾಲೀಕರ ಪಕ್ಷದಲ್ಲಿದ್ದರೆ ಅವರ ಸ್ವಂತ ಸಹೋದರಿ ಅನಸೂಯಾ ಸಾರಾಭಾಯಿಯವರು ಕಾರ್ಮಿಕರ ಪಕ್ಷದಲ್ಲಿ ನಿಂತಿದ್ದರು.

ಗುಜರಾತ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ನಂತರ ಸಾರಾಭಾಯಿಯವರು ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿ ನಿಸರ್ಗ ವಿಜ್ಞಾನದಲ್ಲಿ ಪದವಿ ಪಡೆದರು. ಆ ವೇಳೆಗೆ ಎರಡನೆಯ ಮಹಾಯುದ್ಧವು ಆರಂಭವಾಗಿತ್ತು. ಅವರು ಸ್ವದೇಶಕ್ಕೆ ಹಿಂದಿರುಗಬೇಕಾಯಿತು.

ಬೆಂಗಳೂರಿನ ವರ್ಷಗಳು

ಯುದ್ಧಕಾಲದಲ್ಲಿ ಸಾರಾಭಾಯಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಯನ್ನು ಮುಂದುವರಿಸಿದರು. ಅದೇ ಕಾಲದಲ್ಲಿ ಯುದ್ಧದ ಕಾರಣದಿಂದ ಕೇಂಬ್ರಿಜ್‌ಗೆ ಮರಳಲಾಗದಿದ್ದ ಡಾ. ಹೋಮಿ ಭಾಭಾ ಅವರೂ ಅಲ್ಲಿದ್ದರು. ಮುಂದೆ ಭಾರತದ ಪರಮಾಣು ಮತ್ತು ಬಾಹ್ಯಾಕಾಶ ಕಾರ್ಯಕ್ರಮಗಳನ್ನು ರೂಪಿಸಿದ ಈ ಇಬ್ಬರ ಸ್ನೇಹವು ಬೆಂಗಳೂರಿನಲ್ಲಿ ಬೆಳೆಯಿತು. ನೃತ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರೊಡನೆ ಸಾರಾಭಾಯಿಯವರ ವಿವಾಹವು 1942ರಲ್ಲಿ ನಡೆಯಿತು.

ಸಾರಾಭಾಯಿಯವರು ಆರಿಸಿಕೊಂಡ ವಿಷಯ ವಿಶ್ವಕಿರಣಗಳು. ಹೊರ ಬಾಹ್ಯಾಕಾಶದಿಂದ ಭೂಮಿಗೆ ಅತಿವೇಗವಾಗಿ ಬಂದೆರಗುವ ವಿದ್ಯುದಾವೇಶಯುಕ್ತ ಕಣಗಳಿಗೆ ಈ ಹೆಸರಿದೆ. ಅವರು ಗೈಗರ್ ಎಣಿಕೆ ಉಪಕರಣಗಳನ್ನು ಜೋಡಿಸಿ, ಕಣಗಳ ಸಂಖ್ಯೆಯು ಕಾಲಕ್ಕನುಗುಣವಾಗಿ ಹೇಗೆ ಏರಿಳಿಯುತ್ತದೆ ಎಂಬುದನ್ನು ಅಳೆದರು. ಅವರ ಮೊದಲ ಸಂಶೋಧನಾ ಪ್ರಬಂಧವು 1942ರಲ್ಲಿ ಪ್ರಕಟವಾಯಿತು. 1943ರಲ್ಲಿ ಕಾಶ್ಮೀರದ ಎತ್ತರದ ಪರ್ವತ ಪ್ರದೇಶಕ್ಕೆ ಉಪಕರಣಗಳನ್ನು ಕೊಂಡೊಯ್ದು ಅಳತೆ ಮಾಡಿದರು.

ಈ ಅಧ್ಯಯನದ ತಿರುಳನ್ನು ಇಲ್ಲಿ ಗಮನಿಸುವುದು ಅಗತ್ಯ. ಸೂರ್ಯನಿಂದ ಭೂಮಿಯವರೆಗಿನ ಅವಕಾಶದಲ್ಲಿ ಇರುವ ಕಾಂತಕ್ಷೇತ್ರಗಳನ್ನು ಆ ಕಾಲದಲ್ಲಿ ನೇರವಾಗಿ ಅಳೆಯುವ ಸಾಧನವಿರಲಿಲ್ಲ. ಆದರೆ ಆ ಕ್ಷೇತ್ರಗಳು ವಿಶ್ವಕಿರಣಗಳ ದಾರಿಯನ್ನು ಬಾಗಿಸುತ್ತವೆ. ಆದುದರಿಂದ ನೆಲದ ಮೇಲೆ ಕಣಗಳನ್ನು ಎಣಿಸಿದರೆ, ದೂರದ ಅವಕಾಶದ ಸ್ಥಿತಿಯನ್ನು ಊಹಿಸಬಹುದು. ಕಾಣದ ಬಲವನ್ನು ಅದು ಅಲುಗಿಸುವ ವಸ್ತುವಿನ ಮೂಲಕ ಅರಿಯುವ ಈ ಕ್ರಮವನ್ನು ಸಾರಾಭಾಯಿಯವರು ಬೆಂಗಳೂರಿನಲ್ಲಿ ಕೈಗೆತ್ತಿಕೊಂಡರು. ಇಪ್ಪತ್ತು ವರ್ಷಗಳ ನಂತರ ಅದೇ ಕ್ರಮವು ರಾಕೆಟ್ಟುಗಳ ರೂಪದಲ್ಲಿ ತುಂಬಾದ ಆಗಸದಲ್ಲಿ ಮರುಕಳಿಸಿತು.

ಸಂಸ್ಥೆಗಳ ಸ್ಥಾಪನೆ

ಯುದ್ಧವು ಮುಗಿದ ನಂತರ ಕೇಂಬ್ರಿಜ್‌ಗೆ ಮರಳಿದ ಸಾರಾಭಾಯಿಯವರು 1947ರಲ್ಲಿ, ಉಷ್ಣವಲಯದ ಅಕ್ಷಾಂಶಗಳಲ್ಲಿನ ವಿಶ್ವಕಿರಣಗಳ ಕುರಿತ ಪ್ರಬಂಧಕ್ಕಾಗಿ ಡಾಕ್ಟರೇಟ್ ಪಡೆದರು. ಅದೇ ವರ್ಷ ನವೆಂಬರ್ 11ರಂದು ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಆಗ ಅವರ ವಯಸ್ಸು 28 ವರ್ಷ. ಆರಂಭದಲ್ಲಿ ಈ ಪ್ರಯೋಗಾಲಯಕ್ಕೆ ಸ್ವಂತ ಕಟ್ಟಡವಿರಲಿಲ್ಲ, ಅದು ಎಂ.ಜಿ. ವಿಜ್ಞಾನ ಸಂಸ್ಥೆಯ ಕೆಲವು ಕೊಠಡಿಗಳಲ್ಲಿ ಕಾರ್ಯನಿರ್ವಹಿಸಿತು. ಹವಾಮಾನ ವಿಜ್ಞಾನಿ ಕೆ.ಆರ್. ರಾಮನಾಥನ್ ಅವರು ಮೊದಲ ನಿರ್ದೇಶಕರಾದರು. ವಿಶ್ವಕಿರಣಗಳ ಅಧ್ಯಯನವನ್ನು ಸಾರಾಭಾಯಿಯವರು, ಮೇಲ್ವಾತಾವರಣದ ಅಧ್ಯಯನವನ್ನು ರಾಮನಾಥನ್ ಅವರು ನಡೆಸಿದರು. ಸ್ವಂತ ಕಟ್ಟಡಕ್ಕೆ 1952ರಲ್ಲಿ ಸಿ.ವಿ. ರಾಮನ್ ಅವರು ಶಂಕುಸ್ಥಾಪನೆ ಮಾಡಿದರು.

ಉಡುಪಿಯ ಸಮೀಪದ ಅದಮಾರು ಗ್ರಾಮದಲ್ಲಿ ಜನಿಸಿದ ಯು.ಆರ್. ರಾವ್ ಅವರು ಈ ಪ್ರಯೋಗಾಲಯದಲ್ಲಿ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳ ಕುರಿತು ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸಿದರು. ಮುಂದೆ ಅವರು ಭಾರತದ ಮೊದಲ ಉಪಗ್ರಹದ ನಿರ್ಮಾಣದ ಹೊಣೆ ಹೊತ್ತರು.

ಸಾರಾಭಾಯಿಯವರ ಕಾರ್ಯಕ್ಷೇತ್ರವು ಭೌತವಿಜ್ಞಾನಕ್ಕೆ ಸೀಮಿತವಾಗಿರಲಿಲ್ಲ. ಜವಳಿ ಉದ್ಯಮದ ಸಂಶೋಧನಾ ಸಂಘ, ಮೃಣಾಲಿನಿಯವರೊಡನೆ ಆರಂಭಿಸಿದ ದರ್ಪಣ ಕಲಾ ಅಕಾಡೆಮಿ, 1961ರಲ್ಲಿ ಆರಂಭವಾದ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆ ಮೊದಲಾದವುಗಳ ಸ್ಥಾಪನೆಯಲ್ಲಿ ಅವರ ಪಾತ್ರವಿರುತ್ತದೆ.

ತುಂಬಾ ಗ್ರಾಮದ ಆಯ್ಕೆ

1962ರಲ್ಲಿ ಸಾರಾಭಾಯಿಯವರ ಅಧ್ಯಕ್ಷತೆಯಲ್ಲಿ ಬಾಹ್ಯಾಕಾಶ ಸಂಶೋಧನೆಯ ಭಾರತೀಯ ರಾಷ್ಟ್ರೀಯ ಸಮಿತಿಯು ರಚನೆಯಾಯಿತು. ರಾಕೆಟ್ ಉಡಾವಣೆಗಾಗಿ ಸ್ಥಳವನ್ನು ಆಯ್ಕೆ ಮಾಡುವುದು ಅದರ ಮೊದಲ ಕಾರ್ಯಗಳಲ್ಲೊಂದು. ತಿರುವನಂತಪುರದ ಸಮೀಪದ ತುಂಬಾ ಎಂಬ ಮೀನುಗಾರರ ಗ್ರಾಮವನ್ನು ಆರಿಸಲಾಯಿತು.

ಭೂಮಿಯ ಕಾಂತ ಸಮಭಾಜಕ ರೇಖೆಯು ತುಂಬಾದ ಸಮೀಪದಲ್ಲಿ ಹಾದುಹೋಗುತ್ತಿತ್ತು. ಈ ರೇಖೆಯ ಮೇಲೆ ಭೂಮಿಯ ಕಾಂತಕ್ಷೇತ್ರವು ನೆಲಕ್ಕೆ ಸಮಾನಾಂತರವಾಗಿ ಉತ್ತರ–ದಕ್ಷಿಣವಾಗಿ ಮಲಗಿರುತ್ತದೆ. ಅದರ ಪರಿಣಾಮವಾಗಿ ನೆಲದಿಂದ 100 ಕಿ.ಮೀ.ಗಿಂತ ತುಸು ಮೇಲೆ ಹಗಲಿನಲ್ಲಿ ಬಲವಾದ ವಿದ್ಯುತ್ ಪ್ರವಾಹವೊಂದು ಹರಿಯುತ್ತದೆ. ಜಗತ್ತಿನಲ್ಲಿ ಈ ರೇಖೆ ಹಾದುಹೋಗುವ ದೇಶಗಳು ಕೆಲವೇ ಆಗಿದ್ದು, ಬೇರೆ ದೇಶಗಳ ವಿಜ್ಞಾನಿಗಳಿಗೂ ತುಂಬಾ ಅಗತ್ಯವಾಗಿತ್ತು.

ಆಯ್ಕೆಯಾದ ಜಾಗದಲ್ಲಿ ಮೀನುಗಾರ ಕುಟುಂಬಗಳ ವಾಸದ ಮನೆಗಳೂ ಸೇಂಟ್ ಮೇರಿ ಮ್ಯಾಗ್ಡಲೀನ್ ಅವರ ಹೆಸರಿನ ಚರ್ಚೂ ಇದ್ದವು. ಸಾರಾಭಾಯಿಯವರು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ಮನವಿ ಮಾಡಿದರು. ಬಿಷಪ್‌ರು ಅದನ್ನು ಭಕ್ತರ ಮುಂದಿಟ್ಟು ಒಪ್ಪಿಗೆ ಪಡೆದರು. ಕುಟುಂಬಗಳು ಬೇರೆಡೆಗೆ ತೆರಳಿದವು. ಚರ್ಚ್ ಕಟ್ಟಡವೇ ಕಚೇರಿಯೂ ಕಾರ್ಯಾಗಾರವೂ ಆಯಿತು. ಇಂದು ಅದು ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿದೆ. ರಾಷ್ಟ್ರದ ಬಾಹ್ಯಾಕಾಶ ಕಾರ್ಯಕ್ರಮದ ಮೊದಲ ವೆಚ್ಚವನ್ನು ತಮ್ಮ ಮನೆ ಮತ್ತು ಪ್ರಾರ್ಥನಾ ಸ್ಥಳದ ರೂಪದಲ್ಲಿ ಭರಿಸಿದವರು ಈ ಮೀನುಗಾರರು ಎಂಬುದನ್ನು ಸ್ಮರಿಸಬೇಕಾಗಿದೆ.

ಮೊದಲ ಮೋಡ: 21 ನವೆಂಬರ್ 1963

1963ರ ನವೆಂಬರ್ 21ರ ಸಂಜೆ ತುಂಬಾದಿಂದ ಮೊದಲ ರಾಕೆಟ್ ಉಡಾವಣೆಯಾಯಿತು. ನೈಕ್–ಅಪಾಚೆ ಎಂಬ ಈ ರಾಕೆಟ್ ಅಮೆರಿಕದ್ದು. ಅದರಲ್ಲಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ಸೋವಿಯತ್ ಒಕ್ಕೂಟವು ಗಣಕಯಂತ್ರ ಹಾಗೂ ಹೆಲಿಕಾಪ್ಟರನ್ನು ಒದಗಿಸಿತ್ತು. ಪರಸ್ಪರ ವಿರೋಧದಲ್ಲಿದ್ದ ಬಣಗಳ ನೆರವನ್ನು ಒಂದೇ ಕಡಲತೀರದಲ್ಲಿ ಕೂಡಿಸಿದ್ದು ಸಾರಾಭಾಯಿಯವರ ಕಾರ್ಯವೈಖರಿಗೆ ನಿದರ್ಶನವಾಗಿದೆ.

ಸಂಜೆಯ ವೇಳೆಯನ್ನು ಆರಿಸುವುದಕ್ಕೆ ಕಾರಣವಿದೆ. ಸೂರ್ಯ ಮುಳುಗಿದ ನಂತರ ನೆಲದ ಮೇಲೆ ಕತ್ತಲೆ ಕವಿದಿರುತ್ತದೆ. ಆದರೆ ನೂರಾರು ಕಿ.ಮೀ. ಎತ್ತರದಲ್ಲಿ ಬಿಸಿಲು ಇನ್ನೂ ಇರುತ್ತದೆ. ಆ ಎತ್ತರದಲ್ಲಿ ಹೊರಬಂದ ಸೋಡಿಯಂ ಆವಿಯು ಬಿಸಿಲಿನಲ್ಲಿ ಕಿತ್ತಳೆ ಬಣ್ಣದಿಂದ ಹೊಳೆಯುತ್ತದೆ ಮತ್ತು ಗಾಳಿಯು ಒಯ್ದತ್ತ ಸಾಗುತ್ತದೆ. ಬೇರೆ ಬೇರೆ ಸ್ಥಳಗಳಿಂದ ಏಕಕಾಲದಲ್ಲಿ ಛಾಯಾಚಿತ್ರಗಳನ್ನು ತೆಗೆದು, ನಕ್ಷತ್ರಗಳ ಹಿನ್ನೆಲೆಯಲ್ಲಿ ಮೋಡದ ಸ್ಥಾನವನ್ನು ಗುರುತಿಸಿ, ತ್ರಿಕೋನ ಲೆಕ್ಕದಿಂದ ಅದರ ಎತ್ತರ ಹಾಗೂ ವೇಗವನ್ನು ಕಂಡುಹಿಡಿಯಲಾಗುತ್ತದೆ. ಭೂಮಾಪಕರು ಎರಡು ಬಿಂದುಗಳಿಂದ ಮೂರನೆಯ ಬಿಂದುವನ್ನು ಗುರುತಿಸುವ ಕ್ರಮವೂ ಇದೇ ಆಗಿರುತ್ತದೆ.

ಕೃತಕ ಪ್ಲಾಸ್ಮಾ ಮೋಡ ಎಂದರೇನು?

ಸೋಡಿಯಂ ಮೋಡದಿಂದ ಗಾಳಿಯ ಚಲನೆ ಮಾತ್ರ ತಿಳಿಯುತ್ತದೆ. ಅಯಾನುಗೋಳದಲ್ಲಿ ಗಾಳಿಯೊಡನೆ ವಿದ್ಯುದಾವೇಶಯುಕ್ತ ಕಣಗಳೂ ಇರುತ್ತವೆ. ಇಂತಹ ಕಣಗಳ ಸಮೂಹಕ್ಕೆ ಪ್ಲಾಸ್ಮಾ ಎಂದು ಹೆಸರು. ಅದನ್ನು ನಡೆಸುವುದು ಮುಖ್ಯವಾಗಿ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ. ಆವೇಶ ಪಡೆದ ಸೋಡಿಯಂ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹೊಳೆಯುವುದಿಲ್ಲವಾದ್ದರಿಂದ ಬೇರೊಂದು ಧಾತು ಬೇಕಾಯಿತು. ಬೇರಿಯಂ ಆ ಅಗತ್ಯವನ್ನು ಪೂರೈಸಿತು.

ಬೇರಿಯಂ ಆವಿಯನ್ನು ಮೇಲ್ವಾತಾವರಣದಲ್ಲಿ ಬಿಡುಗಡೆ ಮಾಡಿದರೆ, ಬಿಸಿಲಿನ ತಾಕುವಿಕೆಯಿಂದ ಅದರ ಬಹುಪಾಲು ಪರಮಾಣುಗಳು ಒಂದು ನಿಮಿಷದೊಳಗೆ ಒಂದೊಂದು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನುಗಳಾಗುತ್ತವೆ. ಆಗ ಒಂದು ಮೋಡವು ಎರಡಾಗಿ ಬೇರ್ಪಡುತ್ತದೆ. ಆವೇಶವಿಲ್ಲದ ಭಾಗವು ಗುಂಡಗೆ ಹರಡಿಕೊಂಡು ಗಾಳಿಯೊಡನೆ ಸಾಗುತ್ತದೆ. ಆವೇಶಯುಕ್ತ ಭಾಗವು ನೇರಳೆ ಮಿಶ್ರಿತ ಕೆಂಪು ಬಣ್ಣದಿಂದ ಹೊಳೆಯುತ್ತಾ ಕಾಂತಕ್ಷೇತ್ರದ ರೇಖೆಗಳ ಉದ್ದಕ್ಕೂ ಚಾಚಿಕೊಂಡು, ವಿದ್ಯುತ್ ಕ್ಷೇತ್ರದ ಪ್ರಭಾವದಿಂದ ಬೇರೆ ದಿಕ್ಕಿಗೆ ಸರಿಯುತ್ತದೆ. ಕಣದಲ್ಲಿ ರಾಶಿಯನ್ನು ತೂರುವಾಗ ಒಂದೇ ಮೊರದಿಂದ ಬಿದ್ದ ಕಾಳು ನೆಲಕ್ಕೂ ಹೊಟ್ಟು ಗಾಳಿಗೂ ಹೋಗುವುದನ್ನು ಡೋಣಿ ಸೀಮೆಯ ರೈತರು ಬಲ್ಲರು. ಒಂದೇ ಡಬ್ಬಿಯಿಂದ ಹೊರಟ ಬೇರಿಯಂ ಕೂಡ ಹಾಗೆಯೇ ಎರಡು ಬಲಗಳಿಗೆ ಒಳಗಾಗಿ ಎರಡು ದಾರಿ ಹಿಡಿಯುತ್ತದೆ. ಅವೆರಡರ ನಡುವಿನ ಅಂತರವನ್ನು ಅಳೆದರೆ ಕಾಣದ ವಿದ್ಯುತ್ ಕ್ಷೇತ್ರದ ಪ್ರಮಾಣವು ತಿಳಿಯುತ್ತದೆ. ಸಮಭಾಜಕ ಪ್ರದೇಶದಲ್ಲಿ ಪ್ರತಿ ಮೀಟರಿಗೆ ಒಂದು ಮಿಲಿವೋಲ್ಟಿನಷ್ಟು ಅತ್ಯಲ್ಪ ಕ್ಷೇತ್ರವೂ ಅಯಾನುಗಳನ್ನು ಸೆಕೆಂಡಿಗೆ ಸುಮಾರು 30 ಮೀಟರ್ ವೇಗದಲ್ಲಿ ಸರಿಸಬಲ್ಲದು.

ಈ ವಿಧಾನವನ್ನು ಬೆಳೆಸಿದವರು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ರೈಮರ್ ಲ್ಯೂಸ್ಟ್ ಅವರ ತಂಡದವರು. ಧೂಮಕೇತುವಿನ ಬಾಲವನ್ನು ಸೂರ್ಯನ ಕಣಪ್ರವಾಹವು ತಳ್ಳುವ ರೀತಿಯನ್ನು ಕೃತಕವಾಗಿ ಮಾಡಿ ನೋಡುವುದು ಅವರ ಮೂಲ ಉದ್ದೇಶವಾಗಿತ್ತು. 1964ರಲ್ಲಿ ಸಹಾರಾ ಮರುಭೂಮಿಯಲ್ಲಿ ಅವರ ಪ್ರಯೋಗವು ಯಶಸ್ವಿಯಾಯಿತು. 1968ರ ಮಾರ್ಚ್‌ನಲ್ಲಿ, ಸಾರಾಭಾಯಿಯವರ ನೇತೃತ್ವದ ಕಾಲದಲ್ಲಿ, ಅದೇ ತಂಡದ ಬೇರಿಯಂ ಪ್ರಯೋಗಗಳು ತುಂಬಾದಿಂದ ನಡೆದವು. ಅದಕ್ಕೆ ಕೆಲವೇ ವಾರಗಳ ಮೊದಲು, ಫೆಬ್ರವರಿ 2ರಂದು, ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ತುಂಬಾ ಕೇಂದ್ರವನ್ನು ವಿಶ್ವಸಂಸ್ಥೆಗೆ ಸಮರ್ಪಿಸಿದ್ದರು.

ಮೋಡದ ಚಲನೆಯನ್ನು ಲೆಕ್ಕದಿಂದ ಅನುಕರಿಸುವ ವಿಧಾನ

ಮೋಡವನ್ನು ನೋಡುವುದರಿಂದ ಅದು ಎಲ್ಲಿಗೆ ಹೋಯಿತು ಎಂಬುದು ತಿಳಿಯುತ್ತದೆ. ಏಕೆ ಹಾಗೆ ಹೋಯಿತು ಎಂಬುದನ್ನು ತಿಳಿಯಲು ಲೆಕ್ಕ ಬೇಕಾಗುತ್ತದೆ. ಹೇರೆಂಡಲ್, ಲ್ಯೂಸ್ಟ್ ಮತ್ತು ರೀಗರ್ ಅವರು 1967ರಲ್ಲಿ ಕೃತಕ ಅಯಾನು ಮೋಡಗಳ ಚಲನೆಯ ಕುರಿತು ಪ್ರಕಟಿಸಿದ ಪ್ರಬಂಧವು ಈ ನಿಟ್ಟಿನಲ್ಲಿ ಮುಖ್ಯವಾದುದು. ಮೋಡವು ಹಗುರವಾಗಿದ್ದರೆ ಅದು ಸುತ್ತಲಿನ ಪ್ಲಾಸ್ಮಾದೊಡನೆ ಸಾಗುತ್ತದೆ. ಮೋಡವು ದಟ್ಟವಾಗಿದ್ದರೆ ಅದು ಸ್ವತಃ ಉತ್ತಮ ವಿದ್ಯುತ್ ವಾಹಕವಾಗಿ, ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನೇ ಬದಲಿಸಿಬಿಡುತ್ತದೆ. ಆಗ ಅದು ಸುತ್ತಲಿನ ಪ್ಲಾಸ್ಮಾದಿಂದ ಹಿಂದುಳಿದು, ಹೆಚ್ಚಾಗಿ ಗಾಳಿಯ ಜೊತೆಗೇ ಉಳಿಯುತ್ತದೆ. ಅಳೆಯಲು ಇಟ್ಟ ವಸ್ತುವೇ ಅಳತೆಯನ್ನು ಕೆಡಿಸುವ ಸಂಭವ ಇದಾಗಿದ್ದು, ಲೆಕ್ಕದ ಮೂಲಕ ಅದನ್ನು ಸರಿಪಡಿಸಬೇಕಾಗುತ್ತದೆ.

ಗಣಕಯಂತ್ರದಲ್ಲಿ ಈ ಅನುಕರಣೆಯನ್ನು ಮಾಡುವ ಹಂತಗಳು ಸ್ಥೂಲವಾಗಿ ಈ ಕೆಳಕಂಡಂತಿರುತ್ತವೆ:

1. ಮೋಡವಿರುವ ಪ್ರದೇಶವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿರುವ ಅಯಾನುಗಳ ಸಾಂದ್ರತೆಯನ್ನು ನಮೂದಿಸುವುದು.
2. ಯಾವುದೇ ಚೌಕಕ್ಕೆ ಹರಿದುಬಂದ ವಿದ್ಯುತ್ ಪ್ರವಾಹವು ಹೊರಹೋದ ಪ್ರವಾಹಕ್ಕೆ ಸಮವಾಗಿರಬೇಕೆಂಬ ನಿಯಮದಿಂದ ಎಲ್ಲ ಚೌಕಗಳ ವಿದ್ಯುತ್ ಕ್ಷೇತ್ರವನ್ನು ಲೆಕ್ಕ ಹಾಕುವುದು.
3. ಆ ಕ್ಷೇತ್ರ ಹಾಗೂ ಗಾಳಿಯ ಪ್ರಭಾವದಿಂದ ಅಯಾನುಗಳು ಅಲ್ಪಕಾಲದಲ್ಲಿ ಎಷ್ಟು ದೂರ ಸರಿಯುತ್ತವೆ ಎಂಬುದನ್ನು ಲೆಕ್ಕ ಹಾಕಿ, ಹೊಸ ಸಾಂದ್ರತೆಯನ್ನು ನಮೂದಿಸುವುದು.
4. ಬದಲಾದ ಸಾಂದ್ರತೆಯೊಂದಿಗೆ ಎರಡನೆಯ ಹಂತಕ್ಕೆ ಮರಳಿ, ಇದೇ ಕ್ರಮವನ್ನು ಸಾವಿರಾರು ಬಾರಿ ಪುನರಾವರ್ತಿಸುವುದು.

1970ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿಗಳು ಇಂತಹ ಲೆಕ್ಕಗಳನ್ನು ವಿವರವಾಗಿ ಮಾಡಿದರು. ಛಾಯಾಚಿತ್ರಗಳಲ್ಲಿ ಕಂಡದ್ದೇ ಲೆಕ್ಕದಲ್ಲಿಯೂ ಮೂಡಿತು. ಮೋಡದ ಒಂದು ಅಂಚು ಕ್ರಮೇಣ ಕಡಿದಾಗುತ್ತದೆ. ಆ ಅಂಚಿನ ಸಣ್ಣ ಡೊಂಕುಗಳು ತಾವಾಗಿಯೇ ಬೆಳೆದು, ಮೋಡವು ಕೈಬೆರಳುಗಳಂತೆ ಎಳೆ ಎಳೆಯಾಗಿ ಸೀಳುತ್ತದೆ.

ಸಮಭಾಜಕ ಪ್ರದೇಶದಲ್ಲಿ ಇದಕ್ಕೆ ಹೋಲುವ ಘಟನೆಯು ನಿಸರ್ಗದಲ್ಲಿಯೇ ನಡೆಯುತ್ತದೆ. ಸೂರ್ಯಾಸ್ತದ ನಂತರ ಅಯಾನುಗೋಳದ ಕೆಳಭಾಗವು ಬೇಗನೆ ತೆಳುವಾಗುತ್ತದೆ, ಮೇಲ್ಭಾಗವು ದಟ್ಟವಾಗಿಯೇ ಉಳಿಯುತ್ತದೆ. ಹಗುರವಾದ ದ್ರವದ ಮೇಲೆ ಭಾರವಾದ ದ್ರವವನ್ನು ಸುರಿದಂತಹ ಈ ಸ್ಥಿತಿಯಲ್ಲಿ, ಕೆಳಗಿನ ತೆಳುವಾದ ಪ್ಲಾಸ್ಮಾವು ಗುಳ್ಳೆಗಳಾಗಿ ಮೇಲಕ್ಕೇರುತ್ತದೆ. ಅವುಗಳನ್ನು ಹಾದುಬರುವ ಉಪಗ್ರಹ ಸಂಕೇತವು ಮಿನುಗುತ್ತದೆ, ಕೆಲವೊಮ್ಮೆ ತಪ್ಪಿಹೋಗುತ್ತದೆ. 1980ರ ದಶಕದಲ್ಲಿ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಶ್ರೀಹರಿಕೋಟಾದಿಂದ ಬೇರಿಯಂ ಮೋಡಗಳನ್ನು ಬಿಡುಗಡೆ ಮಾಡಿ ಈ ಗುಳ್ಳೆಗಳು ಹುಟ್ಟುವ ವೇಳೆಯ ಸ್ಥಿತಿಯನ್ನು ಅಳೆದರು. ಮುಂದೆ ಮೇಲ್ಮುಖ ಹಾಗೂ ಕೆಳಮುಖ ಗಾಳಿಯ ಪಾತ್ರವನ್ನು ಗಣಕ ಅನುಕರಣೆಯಿಂದ ಪರಿಶೀಲಿಸಿದರು. ಸಾರಾಭಾಯಿಯವರು ಕೆಲವು ಕೊಠಡಿಗಳಲ್ಲಿ ಆರಂಭಿಸಿದ ಪ್ರಯೋಗಾಲಯವು ಅವರ ನಿಧನದ ನಂತರವೂ ಅವರ ಪ್ರಶ್ನೆಯನ್ನು ಕೈಬಿಡಲಿಲ್ಲ.

ಬಡ ರಾಷ್ಟ್ರಕ್ಕೆ ಈ ವೆಚ್ಚ ಅಗತ್ಯವೇ?

1960ರ ದಶಕದ ಮಧ್ಯಭಾಗದಲ್ಲಿ ದೇಶವು ತೀವ್ರ ಬರಗಾಲವನ್ನು ಎದುರಿಸಿತು. ಆಹಾರಧಾನ್ಯಗಳನ್ನು ಹೊರದೇಶದಿಂದ ತರಿಸಿಕೊಳ್ಳಲಾಗುತ್ತಿತ್ತು. ಅಂತಹ ಕಾಲದಲ್ಲಿ ಆಗಸಕ್ಕೆ ಬಣ್ಣದ ಮೋಡಗಳನ್ನು ಹಾರಿಸುವುದು ಸರಿಯೇ ಎಂಬ ಪ್ರಶ್ನೆ ಸಹಜವಾಗಿತ್ತು. ಸಾರಾಭಾಯಿಯವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಚಂದ್ರಲೋಕಕ್ಕೆ ಮನುಷ್ಯರನ್ನು ಕಳುಹಿಸುವಲ್ಲಿ ಶ್ರೀಮಂತ ದೇಶಗಳೊಡನೆ ಸ್ಪರ್ಧಿಸುವ ಉದ್ದೇಶ ತಮಗಿಲ್ಲವೆಂದೂ, ಉನ್ನತ ತಂತ್ರಜ್ಞಾನವನ್ನು ಜನರ ನಿಜವಾದ ಸಮಸ್ಯೆಗಳಿಗೆ ಬಳಸುವುದೇ ಗುರಿಯೆಂದೂ ಅವರು ಸ್ಪಷ್ಟಪಡಿಸಿದರು. ಸಂಪರ್ಕ, ಹವಾಮಾನ, ಶಿಕ್ಷಣ ಮತ್ತು ಭೂಸಂಪನ್ಮೂಲಗಳ ಸಮೀಕ್ಷೆ ಅವರ ಆದ್ಯತೆಗಳಾಗಿದ್ದವು.

ಈ ನಿಲುವಿನ ಫಲವಾಗಿ, ಉಪಗ್ರಹದ ಮೂಲಕ ಗ್ರಾಮಗಳಿಗೆ ನೇರವಾಗಿ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸುವ ಪ್ರಯೋಗಕ್ಕಾಗಿ 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಪ್ರಯೋಗವು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲಬರ್ಗಾ ಹಾಗೂ ರಾಯಚೂರು ಜಿಲ್ಲೆಗಳು ಇದಕ್ಕೆ ಆಯ್ಕೆಯಾಗಿದ್ದವು. ಡೋಣಿ ಗ್ರಾಮವು ಆಗ ಧಾರವಾಡ ಜಿಲ್ಲೆಗೆ ಸೇರಿದ್ದರಿಂದ ಈ ಯೋಜನೆಯ ವ್ಯಾಪ್ತಿಯಲ್ಲಿರಲಿಲ್ಲ. ಆದರೆ ಮುಂಡರಗಿ ತಾಲ್ಲೂಕಿಗೆ ಹೊಂದಿಕೊಂಡಿರುವ, ಇಂದಿನ ಕೊಪ್ಪಳ ಜಿಲ್ಲೆಯ ಪ್ರದೇಶವು ಅಂದು ರಾಯಚೂರು ಜಿಲ್ಲೆಯಲ್ಲಿತ್ತು.

ಕೊನೆಯ ವರ್ಷಗಳು

1966ರ ಜನವರಿಯಲ್ಲಿ ಹೋಮಿ ಭಾಭಾ ಅವರು ವಿಮಾನ ಅಪಘಾತದಲ್ಲಿ ನಿಧನರಾದರು. ಅದೇ ವರ್ಷ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆಯ ಹೊಣೆಯೂ ಸಾರಾಭಾಯಿಯವರ ಮೇಲೆ ಬಂದಿತು. 1967ರ ನವೆಂಬರ್‌ನಲ್ಲಿ ಸ್ವದೇಶಿ ನಿರ್ಮಿತ ರೋಹಿಣಿ–75 ರಾಕೆಟ್ ತುಂಬಾದಿಂದ ಹಾರಿತು. 1969ರ ಆಗಸ್ಟ್ 15ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೋ) ಅಸ್ತಿತ್ವಕ್ಕೆ ಬಂದಿತು. ಪರಮಾಣು ಶಕ್ತಿ, ಬಾಹ್ಯಾಕಾಶ, ಪ್ರಯೋಗಾಲಯದ ನಿರ್ದೇಶನ ಹೀಗೆ ಹಲವು ಹೊಣೆಗಳನ್ನು ಅವರು ಏಕಕಾಲದಲ್ಲಿ ನಿರ್ವಹಿಸಬೇಕಾಗಿತ್ತು.

1971ರ ಡಿಸೆಂಬರ್ 30ರಂದು, ತುಂಬಾ ಕೇಂದ್ರದ ಕೆಲಸಕ್ಕಾಗಿ ಬಂದಿದ್ದ ಸಾರಾಭಾಯಿಯವರು ಸಮೀಪದ ಕೋವಳಂನಲ್ಲಿ ನಿಧನರಾದರು. ಆಗ ಅವರಿಗೆ 52 ವರ್ಷ ವಯಸ್ಸು. ತಾವು ಯೋಜಿಸಿದ ಉಪಗ್ರಹವನ್ನಾಗಲಿ, ಗ್ರಾಮಗಳಿಗೆ ತಲುಪಿದ ದೂರದರ್ಶನವನ್ನಾಗಲಿ ಅವರು ಕಾಣಲಿಲ್ಲ. ಅವರು ಕಂಡದ್ದು ಆಗಸದಲ್ಲಿ ಕೆಲವು ನಿಮಿಷಗಳ ಕಾಲ ಹೊಳೆದು ಮರೆಯಾಗುತ್ತಿದ್ದ ಮೋಡಗಳನ್ನು ಮಾತ್ರ.

ಕರ್ನಾಟಕದಲ್ಲಿ ಮುಂದುವರಿದ ಕಾರ್ಯ

1972ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಸತೀಶ್ ಧವನ್ ಅವರು ಇಸ್ರೋ ಅಧ್ಯಕ್ಷರಾದರು. ಸಂಸ್ಥೆಯ ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿ ನೆಲೆಗೊಂಡಿತು. ಸಾರಾಭಾಯಿಯವರ ಶಿಷ್ಯರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವು ನಿರ್ಮಾಣವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಉಡಾವಣೆಯಾಯಿತು. ಅದರಲ್ಲಿದ್ದ ಮೂರು ವೈಜ್ಞಾನಿಕ ಪ್ರಯೋಗಗಳಲ್ಲಿ ಒಂದು ಮೇಲ್ವಾತಾವರಣಕ್ಕೆ ಸಂಬಂಧಿಸಿದುದಾಗಿತ್ತು. ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತಾದರೂ ಉಪಗ್ರಹವನ್ನು ನಿರ್ಮಿಸುವ ಸಾಮರ್ಥ್ಯವು ದೇಶಕ್ಕೆ ಲಭಿಸಿತು.

ನಾಗರಿಕರಿಗೆ ಇದರ ಪ್ರಯೋಜನ

ಗದಗ ಜಿಲ್ಲೆಯು ಕಾಂತ ಸಮಭಾಜಕ ರೇಖೆಗೂ, ಅದರ ಉತ್ತರಕ್ಕೆ ಗುಜರಾತ್–ಮಧ್ಯಪ್ರದೇಶದ ಆಸುಪಾಸಿನಲ್ಲಿ ಅಯಾನುಗೋಳವು ಅತಿ ದಟ್ಟವಾಗುವ ಪಟ್ಟಿಗೂ ನಡುವೆ ಇರುತ್ತದೆ. ಈ ಪ್ರದೇಶದಲ್ಲಿ ಅಯಾನುಗೋಳವು ಗಂಟೆಗಂಟೆಗೂ ಬದಲಾಗುತ್ತದೆ. ಆದಕಾರಣ ಶೀತವಲಯದ ದೇಶಗಳ ಲೆಕ್ಕವನ್ನು ಇಲ್ಲಿ ಯಥಾವತ್ತಾಗಿ ಬಳಸಲಾಗುವುದಿಲ್ಲ. ಇಸ್ರೋ ಹಾಗೂ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ರೂಪಿಸಿದ ಗಗನ್ ವ್ಯವಸ್ಥೆಗಾಗಿ ಭಾರತದ ಅಯಾನುಗೋಳಕ್ಕೆ ತಕ್ಕ ಪ್ರತ್ಯೇಕ ಲೆಕ್ಕಕ್ರಮವನ್ನು ಸಿದ್ಧಪಡಿಸಬೇಕಾಯಿತು. ಭೂಮಾಪನದಲ್ಲಿಯೂ ನಿಖರ ಸ್ಥಾನ ತಿಳಿದಿರುವ ಸ್ಥಿರ ಕೇಂದ್ರದ ಅಳತೆಯೊಡನೆ ಹೋಲಿಸಿ ರೋವರ್ ಉಪಕರಣದ ವ್ಯತ್ಯಾಸವನ್ನು ಸರಿಪಡಿಸಲಾಗುತ್ತದೆ.

ಜಮೀನಿನ ಗಡಿಯಲ್ಲಿ ಒಂದು ಮೀಟರಿನ ವ್ಯತ್ಯಾಸವೂ ಅಣ್ಣತಮ್ಮಂದಿರ ನಡುವೆ ವ್ಯಾಜ್ಯವನ್ನು ಹುಟ್ಟಿಸಬಲ್ಲದು ಎಂಬುದು ಎಲ್ಲರಿಗೂ ತಿಳಿದ ವಿಷಯವಾಗಿದೆ. ಭೂಮಾಪಕರು ಉಪಕರಣವನ್ನು ನೆಟ್ಟು ಕೆಲಕಾಲ ಕಾಯುವುದನ್ನು ಅರ್ಜಿದಾರರು ಕಂಡಾಗ, ಅದು ವಿಳಂಬವಲ್ಲ. ಸಂಕೇತವು ಸ್ಥಿರಗೊಳ್ಳುವುದಕ್ಕಾಗಿ ಮತ್ತು ಆಗಸದ ವ್ಯತ್ಯಾಸವನ್ನು ಕಳೆಯುವುದಕ್ಕಾಗಿ ತೆಗೆದುಕೊಳ್ಳುವ ಸಮಯವೆಂದು ಭಾವಿಸತಕ್ಕದ್ದು. ತುಂಬಾದ ಮೀನುಗಾರರು ಬಿಟ್ಟುಕೊಟ್ಟ ನೆಲದಿಂದ ಮೇಲೇರಿದ ಮೋಡಗಳು ಕಲಿಸಿದ ಪಾಠದ ಒಂದಂಶವು ಆ ಲೆಕ್ಕದಲ್ಲಿ ಅಡಕವಾಗಿದೆ.

ಗೌರವಗಳು ಹಾಗೂ ಪ್ರಮುಖ ದಿನಾಂಕಗಳು

• 12 ಆಗಸ್ಟ್ 1919: ಅಹಮದಾಬಾದಿನಲ್ಲಿ ಜನನ
• 11 ನವೆಂಬರ್ 1947: ಭೌತ ಸಂಶೋಧನಾ ಪ್ರಯೋಗಾಲಯದ ಸ್ಥಾಪನೆ
• 1962: ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ
• 21 ನವೆಂಬರ್ 1963: ತುಂಬಾದಿಂದ ಮೊದಲ ರಾಕೆಟ್ ಹಾಗೂ ಸೋಡಿಯಂ ಮೋಡ
• 1966: ಪದ್ಮಭೂಷಣ
• ಮಾರ್ಚ್ 1968: ತುಂಬಾದಲ್ಲಿ ಬೇರಿಯಂ ಮೋಡಗಳ ಪ್ರಯೋಗ
• 15 ಆಗಸ್ಟ್ 1969: ಇಸ್ರೋ ಸ್ಥಾಪನೆ
• 30 ಡಿಸೆಂಬರ್ 1971: ಕೋವಳಂನಲ್ಲಿ ನಿಧನ
• 1972: ಮರಣೋತ್ತರ ಪದ್ಮವಿಭೂಷಣ
• 23 ಆಗಸ್ಟ್ 2023: ಅವರ ಹೆಸರನ್ನು ಹೊತ್ತ ಚಂದ್ರಯಾನ–3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪದ ಪ್ರದೇಶದಲ್ಲಿ ಇಳಿಯಿತು

ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವು ಅವರ ಹೆಸರನ್ನು ಹೊಂದಿರುತ್ತದೆ. ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರನ್ನು ಇಡಲಾಗಿದೆ.